ಕೊ-ತ್ತಂ-ಬ-ರಿಯೋ, ಕೊತ್-ತಂ-ಬ-ರಿಯೋ? ಪದ ಬಿಡಿಸಿ ಓದಲು ಮಗುವಿಗೆ ಕಲಿಸುವ ಬಗೆ

ಕಾಗುಣಿತ ಪೂರ್ತಿ ಬಾಯಿಪಾಠವಾಗಿರುವ ಮಗು ‘ಅಲ್ಲಿ’ ಎಂಬ ಪದವನ್ನು ‘ಅ-ಲಿ-ಲ’ ಎಂದು ಓದುತ್ತದೆ. ‘ವರ್ಷ’ ಅದರ ಬಾಯಲ್ಲಿ ‘ವಷ್ರ’ ಆಗುತ್ತದೆ. ‘ಪುಸ್ತಕಗಳನ್ನು’ ಎಂಬಲ್ಲಿಗೆ ಬಂದರೆ ಮೊದಲೆರಡು ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಇದಕ್ಕೆ ಅಕ್ಷರ ಬಾರದಿರುವುದು ಕಾರಣವಲ್ಲ. ಪದವನ್ನು ಎಲ್ಲಿ ಬಿಡಿಸಬೇಕು, ಬಿಡಿಸಿದ್ದನ್ನು ಹೇಗೆ ಕೂಡಿಸಬೇಕು ಎಂಬುದನ್ನು ಅದಕ್ಕೆ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೆ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಇದನ್ನು ಮನೆಯಲ್ಲೇ, ದಿನಕ್ಕೆ ಹತ್ತು ನಿಮಿಷದಲ್ಲಿ ಕಲಿಸಬಹುದು.

ಕಲಿಸುವವರು ಮೊದಲು ಒಂದು ವಿಷಯ ತಿಳಿದುಕೊಂಡಿರಬೇಕು. ಕನ್ನಡದಲ್ಲಿ ಕಿವಿಗೆ ಕೇಳುವ ತುಂಡುಗಳು ಎಷ್ಟೋ, ಕಣ್ಣಿಗೆ ಕಾಣುವ ಅಕ್ಷರಗಳೂ ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಅಕ್ಷರದಲ್ಲೂ ಒಂದೇ ಒಂದು ಸ್ವರ ಇರುವುದರಿಂದ ಹೀಗೆ. ‘ಕೊತ್ತಂಬರಿ’ಯನ್ನು ಬರಹದಲ್ಲಿ ನೋಡಿದರೆ ಕೊ-ತ್ತಂ-ಬ-ರಿ, ಬಾಯಲ್ಲಿ ಹೇಳಿದರೆ ಕೊತ್-ತಂ-ಬ-ರಿ. ಎರಡರಲ್ಲೂ ನಾಲ್ಕೇ. ಬದಲಾಗುವುದು ಗಡಿ ಮಾತ್ರ: ಒತ್ತಕ್ಷರದ ಮೇಲಿನ ವ್ಯಂಜನ ಕಣ್ಣಿಗೆ ಮುಂದಿನ ತುಂಡಿನಲ್ಲಿ ಕಾಣುತ್ತದೆ, ಕಿವಿಗೆ ಹಿಂದಿನ ತುಂಡಿನಲ್ಲಿ ಕೇಳುತ್ತದೆ. ಮಕ್ಕಳು ಎಡವುವುದು ಬಹುಪಾಲು ಈ ಗಡಿಯಲ್ಲೇ. ಹಾಗಾಗಿ ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಒತ್ತು. ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ.

ಮೊದಲು ಕಿವಿ: ಪುಸ್ತಕ ಮುಚ್ಚಿಟ್ಟು ಚಪ್ಪಾಳೆ

ಮೊದಲ ವಾರ ಪುಸ್ತಕ, ಸ್ಲೇಟು ಯಾವುದೂ ಬೇಡ. ನೀವು ಒಂದು ಪದ ಹೇಳಿ, ಮಗು ಅದನ್ನೇ ನಿಧಾನವಾಗಿ ಹೇಳುತ್ತ ತುಂಡಿಗೊಂದು ಚಪ್ಪಾಳೆ ತಟ್ಟಲಿ. ಮನೆ, ಮರ, ಹಾಲು, ಎಲೆ ಎಂದರೆ ಎರಡು. ಗುಲಾಬಿ, ಚಪಾತಿ, ಜಿಲೇಬಿ, ಪಟಾಕಿ ಎಂದರೆ ಮೂರು. ದೀಪಾವಳಿ, ಸೀತಾಫಲ ಎಂದರೆ ನಾಲ್ಕು. ಎರಡರದ್ದನ್ನೂ ಮೂರರದ್ದನ್ನೂ ಬೆರೆಸಿಯೇ ಕೊಡಿ. ಬರೀ ಎರಡರ ಪದಗಳನ್ನೇ ಕೊಡುತ್ತಿದ್ದರೆ ಮಗು ಕೇಳಿಸಿಕೊಳ್ಳದೆ ಅಭ್ಯಾಸಬಲದಿಂದ ಎರಡು ತಟ್ಟಿಬಿಡುತ್ತದೆ.

ಪದಗಳ ಆಯ್ಕೆಯಲ್ಲಿ ಎಚ್ಚರ ಬೇಕು. ‘ಬಾಗಿಲು’, ‘ಕಿಟಕಿ’ ಮನೆಯಲ್ಲೇ ಇರುವ ವಸ್ತುಗಳು ಎಂದು ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ನಾವು ಆಡುವುದು ‘ಬಾಗ್ಲು’, ‘ಕಿಟ್ಕಿ’. ಮಗು ಎರಡೇ ಚಪ್ಪಾಳೆ ತಟ್ಟುತ್ತದೆ, ದೊಡ್ಡವರು ‘ತಪ್ಪು, ಮೂರು’ ಎನ್ನುತ್ತಾರೆ. ಮಗು ತನ್ನ ಕಿವಿಗೆ ಕೇಳಿದ್ದನ್ನೇ ಸರಿಯಾಗಿ ಎಣಿಸಿದೆ! ಕನ್ನಡದ ಮಾತಿನಲ್ಲಿ ಪದದ ನಡುವೆ ಬರುವ ಹ್ರಸ್ವ ಸ್ವರ ಜಾರಿಹೋಗುವುದು ಸಾಮಾನ್ಯ, ದೀರ್ಘ ಸ್ವರ ಹಾಗೆ ಸುಲಭಕ್ಕೆ ಜಾರುವುದಿಲ್ಲ. ಗುಲಾಬಿ, ಚಪಾತಿ, ಜಿಲೇಬಿ, ಪಟಾಕಿಯನ್ನು ಮೊದಲಿಗೆ ಆರಿಸಿದ್ದು ಅದಕ್ಕೇ, ಎಲ್ಲದರ ನಡುವೆಯೂ ದೀರ್ಘ ಇದೆ. ನಾಯಿ, ತಾಯಿ, ಕಾಯಿ ಕೂಡ ಮೊದಲ ವಾರಕ್ಕೆ ಬೇಡ. ‘ನಾಯ್’ ಎಂದು ಒಂದೇ ತುಂಡಾಗಿ ಹೇಳುವವರು ಬಹಳ ಜನ.

ಜಾರುವ ಸ್ವರದ ಪದಗಳಿಗೆ ಎರಡನೇ ವಾರದಲ್ಲಿ ಕೈ ಹಾಕಬಹುದು. ಆಗ ಎರಡನ್ನೂ ಮುಂದಿಡಿ: “ನಾವು ಆಡೋದು ಬಾಗ್-ಲು, ಪುಸ್ತಕದಲ್ಲಿ ಇರೋದು ಬಾ-ಗಿ-ಲು.” ಎರಡನ್ನೂ ತಟ್ಟಿಸಿ. ಬರ್ತಾನೆ, ಬರುತ್ತಾನೆ ಜೋಡಿಯೂ ಹೀಗೆಯೇ, ಮೂರು ಮತ್ತು ನಾಲ್ಕು. ಧಾರವಾಡದ ಕಡೆಯ ಮಗು ‘ಮನ್ಯಾಗ’ ಎಂದು ಮೂರು ತಟ್ಟಿ, ಪುಸ್ತಕದ ‘ಮನೆಯಲ್ಲಿ’ಗೆ ನಾಲ್ಕು ತಟ್ಟಬೇಕಾಗುತ್ತದೆ. ಮನೆಮಾತು ತಪ್ಪು ಎಂಬ ಭಾವನೆ ಎಲ್ಲೂ ಬರಬಾರದು. ಆಡುವುದಕ್ಕೊಂದು ರೂಪ, ಬರೆಯುವುದಕ್ಕೊಂದು ರೂಪ ಎಂದು ಆರು ವರ್ಷದ ಮಗುವಿಗೆ ಧಾರಾಳವಾಗಿ ಅರ್ಥವಾಗುತ್ತದೆ.

ದೀರ್ಘ ಸ್ವರಕ್ಕೆ ಕೆಲವು ಮಕ್ಕಳು ಎರಡು ಚಪ್ಪಾಳೆ ತಟ್ಟುತ್ತಾರೆ, ‘ಹಾ-ಆ-ಲು’ ಎಂದು ಮೂರು. ಅಂಥವರಿಗೆ ಚಪ್ಪಾಳೆ ಬಿಡಿಸಿ, ಗದ್ದದ ಕೆಳಗೆ ಅಂಗೈ ಆನಿಸಿಕೊಳ್ಳಲು ಹೇಳಿ. ಸ್ವರ ಬಂದಾಗ ದವಡೆ ಕೆಳಗಿಳಿದು ಅಂಗೈಗೆ ತಾಗುತ್ತದೆ. ‘ಹಾ’ ಎಷ್ಟು ಎಳೆದರೂ ದವಡೆ ಇಳಿಯುವುದು ಒಂದೇ ಸಲ. ಬಾಯಿ ಚೆನ್ನಾಗಿ ತೆರೆಯುವ ಅ, ಆ, ಎ, ಒ ಇರುವ ಪದಗಳಲ್ಲಿ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಇ, ಉ ಬಂದಾಗ ದವಡೆ ಅಷ್ಟಾಗಿ ಅಲುಗುವುದಿಲ್ಲ, ಹಾಗಾಗಿ ‘ಇಲಿ’ಯಂಥ ಪದಕ್ಕೆ ಈ ಉಪಾಯ ಆಗಿಬರುವುದಿಲ್ಲ.

ಹುಣಸೆ ಬೀಜ

ಚಪ್ಪಾಳೆ ತಟ್ಟಿದ ಮೇಲೆ ಗಾಳಿಯಲ್ಲಿ ಕರಗಿಹೋಗುತ್ತದೆ. ಕೊನೆಯ ತುಂಡಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಅದಕ್ಕೇ ಎರಡನೇ ವಾರದಿಂದ ಹತ್ತು ಹುಣಸೆ ಬೀಜ, ಇಲ್ಲವೇ ಅಂಗಿಯ ಗುಂಡಿಗಳನ್ನು ಇಟ್ಟುಕೊಳ್ಳಿ. ಸ್ಲೇಟಿನ ಮೇಲೆ ಐದು ಚೌಕ ಬರೆಯಿರಿ. ಮಗು ‘ಗು’ ಎನ್ನುತ್ತ ಎಡಗಡೆಯ ಚೌಕಕ್ಕೆ ಒಂದು ಬೀಜ ತಳ್ಳಲಿ, ‘ಲಾ’ ಎನ್ನುತ್ತ ಮುಂದಿನದಕ್ಕೆ, ‘ಬಿ’ ಎನ್ನುತ್ತ ಅದರ ಮುಂದಿನದಕ್ಕೆ. ಬಲಗಡೆಯಿಂದ ಶುರುಮಾಡಲು ಬಿಡಬೇಡಿ, ಓದುವ ದಿಕ್ಕು ಇಲ್ಲಿಯೇ ಕೈಗೆ ಬರುತ್ತದೆ.

ಇನ್ನು ಪ್ರಶ್ನೆ ಕೇಳಿ. “‘ಲಾ’ ಯಾವ ಬೀಜ?” “ಕೊನೆಯ ಬೀಜ ಏನು ಹೇಳುತ್ತೆ?” ‘ಅರಮನೆ’ಯ ನಾಲ್ಕು ಬೀಜ ಇಟ್ಟು ಮೊದಲೆರಡನ್ನು ತೆಗೆಯಿರಿ, ಉಳಿದದ್ದೇನು? ಮನೆ. ಗಜದ ಎರಡು ಬೀಜ ಅದಲುಬದಲು ಮಾಡಿದರೆ ಜಗ, ಸರ ಮಾಡಿದರೆ ರಸ. ಕನಕ, ನಯನ, ಜಲಜ, ವಿಕಟಕವಿ ಹಿಂದಿನಿಂದ ಓದಿದರೂ ಅದೇ ಎಂದು ಗೊತ್ತಾದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಅಕ್ಷರವೇ ಕನ್ನಡ ಪದದ ಇಟ್ಟಿಗೆ ಎಂಬುದು ಹತ್ತು ಪಾಠಕ್ಕಿಂತ ಚೆನ್ನಾಗಿ ಅಲ್ಲಿ ಮನಸ್ಸಿಗೆ ಇಳಿಯುತ್ತದೆ. ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸಿ ಮಾತಾಡುವ ಗುಟ್ಟಿನ ಭಾಷೆಯೂ ಇದೇ ಕೆಲಸ ಮಾಡುತ್ತದೆ. ‘ನೀನು ಬಾ’ ಎನ್ನಲು ‘ಕನೀಕನು ಕಬಾ’ ಎಂದು ಮಗು ಹೇಳಬೇಕಾದರೆ, ಪದವನ್ನು ಮನಸ್ಸಿನಲ್ಲೇ ಬಿಡಿಸಿರಲೇಬೇಕು.

ಹತ್ತು ಹೊಸ ಪದ ಕೊಟ್ಟಾಗ ಎಂಟಕ್ಕೆ ಬೀಜ ಸರಿಯಾಗಿ ತಳ್ಳಿದರೆ ಮುಂದಿನ ಹಂತಕ್ಕೆ ಹೋಗಿ. ಅದಕ್ಕೆ ಮುಂಚೆ ಬೇಡ.

ಬೀಜದ ಜಾಗದಲ್ಲಿ ಅಕ್ಷರ

ಹಳೆಯ ರಟ್ಟಿನ ಪೆಟ್ಟಿಗೆಯಿಂದ ಐದು ಸೆಂಟಿಮೀಟರಿನ ಚೌಕಗಳನ್ನು ಕತ್ತರಿಸಿ, ಒಂದೊಂದರ ಮೇಲೆ ಒಂದು ಅಕ್ಷರ ಬರೆಯಿರಿ. ಎಲ್ಲ 49 ಮೂಲಾಕ್ಷರ ಮುಗಿಯಲಿ ಎಂದು ಕಾಯುವ ಅಗತ್ಯವಿಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ‘ರ ಗ ಸ ದ ಅ’ ಎಂದು ಆರಂಭಿಸುವುದು ಇದೇ ಕಾರಣಕ್ಕೆ: ಆ ಐದರಲ್ಲೇ ಸರ, ರಸ, ದರ, ಅಗಸ, ದಸರ, ಗರಗಸ ಎಲ್ಲ ಹುಟ್ಟುತ್ತವೆ.

ಬಿಡಿಸುವುದು ಬಂದರೂ ಕೂಡಿಸುವುದು ಬಾರದ ಮಕ್ಕಳು ಬಹಳ. ‘ಗ… ರ… ಗ… ಸ…’ ಎಂದು ಸರಿಯಾಗಿಯೇ ಓದಿ, ಕೊನೆಗೆ ‘ಗಡಿಯಾರ’ ಎನ್ನುತ್ತವೆ. ಬಿಡಿ ಅಕ್ಷರಗಳ ನಡುವೆ ಉಸಿರು ಬಿಟ್ಟುಬಿಡುವುದರಿಂದ ಹೀಗಾಗುತ್ತದೆ. ಪ್ರತಿ ಸಲ ಮೊದಲಿನಿಂದ ಕೂಡಿಸುತ್ತ ಹೋಗಲಿ: ಗ, ಗರ, ಗರಗ, ಗರಗಸ. ಇದಕ್ಕೊಂದು ಕಿಟಕಿ ಚೀಟಿ ಮಾಡಿಕೊಳ್ಳಿ. ದಪ್ಪ ಕಾಗದದ ಪಟ್ಟಿಯನ್ನು ಪದದ ಮೇಲಿಟ್ಟು ಬಲಕ್ಕೆ ಸರಿಸುತ್ತ ಹೋದಂತೆ ಒಂದೊಂದೇ ಅಕ್ಷರ ಹೊರಬರಬೇಕು, ಹೊರಬಂದದ್ದು ಮತ್ತೆ ಮುಚ್ಚಬಾರದು. ಮೂರು ಸಲ ಸರಿಯಾಗಿ ಓದಿದ ಮೇಲೆ ಪಟ್ಟಿ ತೆಗೆದು ಪೂರ್ತಿ ಪದವನ್ನು ಒಂದೇ ಉಸಿರಿಗೆ ಓದಿಸಿ, ಅದನ್ನು ಸೇರಿಸಿ ಒಂದು ವಾಕ್ಯ ಹೇಳಿಸಿ. ಬಿಡಿಸಿದ ಪದವನ್ನು ಕೂಡಿಸದೆ ಬಿಟ್ಟರೆ, ಮುಂದೆ ಪುಟಗಟ್ಟಲೆ ಅಕ್ಷರ ಅಕ್ಷರವಾಗಿ ಓದುವ ಚಾಳಿ ಉಳಿದುಬಿಡುತ್ತದೆ.

ಪದದ ನಡುವೆ ಅಡ್ಡಗೆರೆ ಹಾಕಿ ಬರೆದುಕೊಡಬೇಡಿ. ಮಾಮೂಲಿ ಪದ ಬರೆದು, ಪ್ರತಿ ಅಕ್ಷರದ ಕೆಳಗೆ ಪೆನ್ಸಿಲಿನಿಂದ ತೆಳುವಾಗಿ ಬಿಲ್ಲಿನಂತೆ ಒಂದು ಗೆರೆ ಎಳೆಯಿರಿ. ಪದದ ಆಕಾರ ಹಾಗೇ ಉಳಿಯುತ್ತದೆ, ಬೇಡವಾದಾಗ ಅಳಿಸಬಹುದು.

‘ಕ ಗುಡಿಸು ಕಿ, ಟ ತಲಕಟ್ಟು ಟ’ ಎಂದು ಹೇಳಿಕೊಳ್ಳುತ್ತ ಓದುವ ಮಗುವಿಗೆ ಆ ಅಭ್ಯಾಸ ಬಿಡಿಸಲೇಬೇಕು. ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ ಎಂಬ ಹೆಸರುಗಳು ಬರವಣಿಗೆ ಕಲಿಯಲು ಬೇಕು. ಓದುವಾಗ ಅವು ಪದದ ನಡುವೆ ಬಂದು ನಿಂತು, ಮೊದಲ ಅಕ್ಷರವನ್ನೇ ಮರೆಸಿಬಿಡುತ್ತವೆ. ‘ಕಿ’ಯನ್ನು ಒಂದೇ ಚಿತ್ರವಾಗಿ ಗುರುತಿಸಲು ಕಿ-ಕೀ, ಕು-ಕೂ, ಕೆ-ಕೇ ಎಂಬ ಜೋಡಿ ಚೌಕಗಳನ್ನು ಕಲೆಸಿ ತೋರಿಸಿ. ಬಳ್ಳಿಯ ಕ್ರಮದಲ್ಲಿ ತೋರಿಸಿದರೆ ಮಗು ರಾಗವಾಗಿ ಹೇಳುತ್ತದೆಯೇ ಹೊರತು ಅಕ್ಷರ ನೋಡುವುದಿಲ್ಲ.

ಸೊನ್ನೆ ಅಷ್ಟೇನೂ ಕಷ್ಟವಲ್ಲ. ಅದು ಹಿಂದಿನ ಅಕ್ಷರದ್ದೇ ಭಾಗ, ಅದಕ್ಕೆ ಬೇರೆ ಬೀಜವಿಲ್ಲ: ಗಂ-ಟೆ, ಅಂ-ಗ-ಡಿ, ದುಂ-ಬಿ. ‘ಅಮ್-ಗಡಿ’ ಎಂದು ಓದಿದರೆ ತಿದ್ದಿ, ಸೊನ್ನೆಯ ಉಚ್ಚಾರ ಮುಂದಿನ ಅಕ್ಷರವನ್ನು ನೋಡಿಕೊಂಡು ಬದಲಾಗುತ್ತದೆ. ‘ತಂಪು’ವಿನಲ್ಲಿ ತುಟಿ ಮುಚ್ಚುತ್ತದೆ, ‘ತಂದೆ’ಯಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ. ಎರಡನ್ನೂ ಹೇಳಿಸಿ ತುಟಿ ಮುಟ್ಟಿ ನೋಡಿಕೊಳ್ಳಲು ಹೇಳಿದರೆ ಸಾಕು.

ಒತ್ತಕ್ಷರ: ಇಲ್ಲಿ ಆತುರ ಬೇಡ

ಇದಕ್ಕೆ ಕನಿಷ್ಠ ನಾಲ್ಕು ವಾರ ಇಟ್ಟುಕೊಳ್ಳಿ. ಮೊದಲು ಮತ್ತೆ ಕಿವಿ. ಕತೆ-ಕತ್ತೆ, ಮಗ-ಮಗ್ಗ, ಹಣ-ಹಣ್ಣು ಜೋಡಿಗಳನ್ನು ಹೇಳಿ ಚಪ್ಪಾಳೆ ತಟ್ಟಿಸಿ. ಎಲ್ಲಕ್ಕೂ ಎರಡೇ. ಹಾಗಾದರೆ ವ್ಯತ್ಯಾಸ ಎಲ್ಲಿ? ‘ಕತೆ’ಯ ಮೊದಲ ತುಂಡು ಬಾಯಿ ತೆರೆದೇ ಮುಗಿಯುತ್ತದೆ, ‘ಕತ್ತೆ’ಯ ಮೊದಲ ತುಂಡು ನಾಲಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಇದನ್ನು ಕೈಯಲ್ಲಿ ತೋರಿಸಿ: ‘ಕತ್’ ಎನ್ನುವಾಗ ಮುಷ್ಟಿ ಕಟ್ಟಿ, ‘ತೆ’ ಎನ್ನುವಾಗ ಬಿಡಿ. ‘ಕತೆ’ಗೆ ಮುಷ್ಟಿ ಇಲ್ಲ. ಮಗು ಕಣ್ಣು ಮುಚ್ಚಿಕೊಂಡು, ನೀವು ಹೇಳಿದ ಪದಕ್ಕೆ ಮುಷ್ಟಿ ಇದೆಯೋ ಇಲ್ಲವೋ ಹೇಳುವಂತಾಗಬೇಕು. (ಹೈಸ್ಕೂಲಿನಲ್ಲಿ ಲಘು-ಗುರು ಗುರುತಿಸುವಾಗ ‘ಒತ್ತಕ್ಷರದ ಹಿಂದಿನ ಅಕ್ಷರ ಗುರು’ ಎಂದು ಉರು ಹೊಡೆಯುವ ಸೂತ್ರ ಇದೇ. ‘ಕ’ ಒಂದು ಮಾತ್ರೆ, ‘ಕತ್’ ಎರಡು ಮಾತ್ರೆ. ಮುಷ್ಟಿ ಕಟ್ಟಿ ಕಲಿತ ಮಗುವಿಗೆ ಛಂದಸ್ಸಿನ ಪಾಠ ಬಂದಾಗ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.)

ಆಮೇಲೆ ಕಣ್ಣು. ಎರಡು ಬಣ್ಣದ ಸ್ಕೆಚ್ ಪೆನ್ ಬೇಕು. ‘ಅಲ್ಲಿ’ ತೆಗೆದುಕೊಳ್ಳಿ. ಮೂರು ಚೌಕ ಮಾಡಿ: ಅ, ಲ್, ಲಿ. ‘ಅಲ್’ ಎನ್ನುತ್ತ ಮೊದಲೆರಡನ್ನು ಜೋಡಿಸಿ ಮುಷ್ಟಿ ಕಟ್ಟಿ, ‘ಲಿ’ ಎನ್ನುತ್ತ ಮೂರನೆಯದನ್ನು ಸೇರಿಸಿ. ಬರೆಯುವಾಗ ಎರಡನೇ ‘ಲ’ ಕೆಳಗೆ ಹೋಗಿ ಒತ್ತಾಗುತ್ತದೆ, ಆದರೆ ಅದರ ಗುಡಿಸು ಮಾತ್ರ ಮೇಲಿನ ಲಕಾರದ ತಲೆಯ ಮೇಲೆ ಕೂರುತ್ತದೆ. ‘ಅ-ಲಿ-ಲ’ ಎಂಬ ತಪ್ಪು ಹುಟ್ಟುವುದು ಇಲ್ಲಿಯೇ. ಮಗು ಮೇಲಿನಿಂದ ಕೆಳಕ್ಕೆ ನೋಡಿ, ಕಂಡದ್ದನ್ನು ಕಂಡ ಹಾಗೆ ಓದುತ್ತಿದೆ. ಅದಕ್ಕೆ ಹೇಳಬೇಕಾದ್ದು ಇಷ್ಟು: “ಒತ್ತು ಬಂದರೆ ಮೇಲಿನ ಅಕ್ಷರ ಅರ್ಧ. ಗುಡಿಸು, ಕೊಂಬು ಎಲ್ಲಿ ಕೂತಿದ್ದರೂ ಅದು ಒತ್ತಿನದು.” ಒತ್ತನ್ನೂ ಸ್ವರಚಿಹ್ನೆಯನ್ನೂ ಕೆಂಪಿನಲ್ಲಿ, ಉಳಿದದ್ದನ್ನು ನೀಲಿಯಲ್ಲಿ ಬರೆಯಿರಿ. ಕೆಂಪು ಕೆಂಪಿನ ಜೊತೆ ಸೇರುತ್ತದೆ. ಹಕ್ಕಿ, ಹಳ್ಳಿ, ಬುಟ್ಟಿ, ಕಪ್ಪೆ, ಚಿಟ್ಟೆ, ಮೊಟ್ಟೆ ಹೀಗೆ ಬರೆದು ಒಂದು ವಾರ ಓದಿಸಿ. ಆಮೇಲೆ ಒಂದೇ ಬಣ್ಣಕ್ಕೆ ಬನ್ನಿ.

ಮೂಲ ಅಕ್ಷರವನ್ನೇ ಹೋಲುವ ಒತ್ತುಗಳು ಮೊದಲಿರಲಿ: ಕ್ಕ, ಗ್ಗ, ಚ್ಚ, ಟ್ಟ, ಪ್ಪ, ಬ್ಬ, ಳ್ಳ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ರೂಪಕ್ಕೆ ಹೋಲುವುದೇ ಇಲ್ಲ. ಇವನ್ನು ಒಂದೊಂದಾಗಿ, ಎರಡು ದಿನಕ್ಕೊಂದರಂತೆ ಕಲಿಸಿ. ‘ಅಲ್ಲಿ’ಯನ್ನು ಮೇಲೆ ಉದಾಹರಣೆಯಾಗಿ ತೆಗೆದುಕೊಂಡದ್ದು ಅದರಲ್ಲಿ ತಪ್ಪು ಎದ್ದು ಕಾಣುತ್ತದೆ ಎಂದು. ಮೊದಲ ಪಾಠಕ್ಕೆ ‘ಹಕ್ಕಿ’ಯೇ ವಾಸಿ.

ಸಜಾತೀಯ ಒತ್ತು (ಅಕ್ಷರಕ್ಕೆ ಅದರದ್ದೇ ಒತ್ತು) ಗಟ್ಟಿಯಾದ ಮೇಲೆ ವಿಜಾತೀಯ (ಬೇರೆ ಅಕ್ಷರದ ಒತ್ತು). ನಿಯಮ ಅದೇ: ಪುಸ್-ತ-ಕ, ಅಕ್-ಷ-ರ, ರಾಷ್-ಟ್ರ. ಪದದ ಮೊದಲಲ್ಲೇ ಒತ್ತು ಬಂದರೆ ಅರ್ಧ ಅಕ್ಷರಕ್ಕೆ ಒರಗಲು ಹಿಂದೆ ಯಾರೂ ಇಲ್ಲ, ಆದ್ದರಿಂದ ಮುಂದಿನದರ ಜೊತೆಗೇ ಸೇರುತ್ತದೆ: ಪ್ರೀ-ತಿ, ಸ್ನಾ-ನ. ಹಿಂದೆ ಸೊನ್ನೆ ಇದ್ದರೂ ಹಾಗೆಯೇ: ಚಂ-ದ್ರ. ಮೂರು ವ್ಯಂಜನದ ‘ಸ್ತ್ರೀ’ಗೂ ಬೀಜ ಒಂದೇ ಎಂದು ಎಣಿಸಿ ತೋರಿಸಿ.

ಅರ್ಕಾವತ್ತನ್ನು, ಅಂದರೆ ‘ವರ್ಷ’ದಲ್ಲಿರುವ ‘ರ್’ ಚಿಹ್ನೆಯನ್ನು, ಎಲ್ಲಕ್ಕಿಂತ ಕೊನೆಗೆ ಇಡಿ. ಅದನ್ನು ಬರೆಯುವುದು ಅಕ್ಷರದ ಆಮೇಲೆ, ಓದುವುದು ಅಕ್ಷರಕ್ಕಿಂತ ಮೊದಲು. ಕನ್ನಡದ ಒಂಬತ್ತರ ಅಂಕಿಯನ್ನೇ ಹೋಲುವುದರಿಂದ ಅದನ್ನು ಅಂಕಿ ಎಂದುಕೊಳ್ಳುವ ಮಕ್ಕಳೂ ಇದ್ದಾರೆ. ‘ವರ್ಷ’ ಬರೆದು, ಅರ್ಕಾವತ್ತಿನಿಂದ ಒಂದು ಬಾಣವನ್ನು ಷಕಾರದ ಮೇಲಿಂದ ಹಾಯಿಸಿ ‘ವ’ದ ಪಕ್ಕಕ್ಕೆ ತನ್ನಿ. ವರ್-ಷ. ಮುಷ್ಟಿ ‘ವರ್’ಗೆ. ಸೂರ್ಯ, ಧರ್ಮ, ಅರ್ಧ, ಮಾರ್ಗ ಎಲ್ಲಕ್ಕೂ ಒಂದು ವಾರ ಬಾಣ ಹಾಕಿಸಿ. ಕೆಲವು ಪುಸ್ತಕಗಳಲ್ಲಿ ಅರ್ಕಾವತ್ತಿನ ಬದಲು ರಕಾರವನ್ನೇ ಬರೆದು ಕೆಳಗೆ ಒತ್ತು ಕೊಟ್ಟಿರುತ್ತಾರೆ. ಎರಡೂ ಒಂದೇ ಎಂದು ಅಕ್ಕಪಕ್ಕ ಬರೆದು ತೋರಿಸದಿದ್ದರೆ ಮಗು ಗಲಿಬಿಲಿಗೊಳ್ಳುತ್ತದೆ.

ಕೊನೆಯಲ್ಲಿ ಅರ್ಧಾಕ್ಷರ ಬರುವ ಪದಗಳಲ್ಲಿ ಮಾತ್ರ ಎಣಿಕೆ ತಪ್ಪುತ್ತದೆ. ‘ಬಸ್’ ಬರಹದಲ್ಲಿ ಎರಡು ಅಕ್ಷರದಂತೆ ಕಂಡರೂ ಚಪ್ಪಾಳೆ ಒಂದೇ. ಪೆನ್-ಸಿಲ್, ಮೊ-ಬೈಲ್ ಎರಡೆರಡು. ಸ್ವರವಿಲ್ಲದ ಅಕ್ಷರಕ್ಕೆ ಬೀಜವಿಲ್ಲ, ಅದು ಹಿಂದಿನ ಚೌಕದಲ್ಲೇ ಕೂರುತ್ತದೆ. ಇಂಗ್ಲಿಷ್ ಓದಲು ಮೊದಲು ಕಲಿತ ಮಕ್ಕಳಿಗೆ, ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೂ, ಈ ಪದಗಳೇ ಸುಲಭ. ಅವರಿಗೆ ಕಷ್ಟವಾಗುವುದು ‘ಕತ್ತೆ’ಯ ಮುಷ್ಟಿ. ಬರಹದಲ್ಲಿ ಅಕ್ಷರ ಜೋಡಿಯಾಗಿದ್ದರೂ ಇಂಗ್ಲಿಷಿನಲ್ಲಿ ಅದನ್ನು ಹೀಗೆ ಒತ್ತಿ ಹೇಳುವುದಿಲ್ಲ. ಅಂಥವರಿಗೆ ಕಿವಿಯ ಹಂತವನ್ನು ಎರಡರಷ್ಟು ದಿನ ನಡೆಸಿ.

ಉದ್ದ ಪದಕ್ಕೆ ಬಾಲ ಹಿಡಿಯಿರಿ

‘ಪುಸ್ತಕಗಳನ್ನು’ ಆರು ಅಕ್ಷರ, ‘ಹೋಗುತ್ತಿದ್ದಾನೆ’ ಐದು. ಇಷ್ಟನ್ನು ಒಂದೊಂದಾಗಿ ಕೂಡಿಸುತ್ತ ಹೋದರೆ ಮಗು ದಾರಿಯಲ್ಲೇ ಸುಸ್ತಾಗುತ್ತದೆ. ಇಲ್ಲಿ ಅಕ್ಷರಕ್ಕಿಂತ ದೊಡ್ಡ ತುಂಡು ಬೇಕು. ಕನ್ನಡದ ಉದ್ದ ಪದಗಳು ಹೆಚ್ಚಾಗಿ ಉದ್ದವಾಗುವುದು ಬಾಲದಲ್ಲಿ, ಆ ಬಾಲಗಳು ಮತ್ತೆ ಮತ್ತೆ ಬರುತ್ತವೆ. ಯಲ್ಲಿ, ದಲ್ಲಿ, ಯಿಂದ, ದಿಂದ, ವನ್ನು, ಯನ್ನು, ಗಳು, ಗಳನ್ನು, ಗಳಿಗೆ, ಉತ್ತಾನೆ, ಉತ್ತಾಳೆ, ಉತ್ತದೆ. ಹನ್ನೆರಡು ಚೀಟಿ. ವ್ಯಾಕರಣದ ಪುಸ್ತಕದಂತೆ ‘ಅಲ್ಲಿ’, ‘ಇಂದ’ ಎಂದಷ್ಟೇ ಬರೆಯದೆ, ಅಚ್ಚಿನಲ್ಲಿ ಮಗುವಿನ ಕಣ್ಣಿಗೆ ಬೀಳುವ ‘ಯಲ್ಲಿ’, ‘ದಿಂದ’ ರೂಪದಲ್ಲೇ ಬರೆಯಿರಿ. ‘ಉತ್ತಾನೆ’ಯ ಉಕಾರ ಪದದಲ್ಲಿ ಕೊಂಬಾಗಿ ಹಿಂದಿನ ಅಕ್ಷರಕ್ಕೆ ಅಂಟುತ್ತದೆ ಎಂಬುದನ್ನು ಒಂದೆರಡು ಪದದಲ್ಲಿ ತೋರಿಸಿ. ನೋಡಿದ ಕೂಡಲೇ ಬಿಡಿಸದೆ ಓದುವಷ್ಟು ಇವು ಪಳಗಬೇಕು.

ಇನ್ನು ‘ಪುಸ್ತಕಗಳನ್ನು’ ಬಂದಾಗ ಹೆಬ್ಬೆರಳಿನಿಂದ ‘ಗಳನ್ನು’ ಮುಚ್ಚಿ. ಉಳಿದ ‘ಪುಸ್ತಕ’ ಮೂರೇ ತುಂಡು. ಅದು ಬಂದ ಮೇಲೆ ಬೆರಳು ತೆಗೆದು ಬಾಲ ಸೇರಿಸಲಿ. ಮನೆ-ಯಲ್ಲಿ, ಮರ-ದಿಂದ, ಹಣ್ಣು-ಗಳು. ಹೀಗೆ ಒಂದು ತಿಂಗಳು ಮಾಡಿದರೆ ಮಗು ತಾನೇ ಬಾಲವನ್ನು ಹುಡುಕಲು ಶುರುಮಾಡುತ್ತದೆ.

ಎಲ್ಲ ಹಂತದಲ್ಲೂ ದಿನಕ್ಕೆ ಐದು ಹಳೆಯ ಪದ, ಮೂರು ಹೊಸ ಪದ ಸಾಕು. ತಪ್ಪಿದಾಗ ಸರಿಯಾದ ಪದವನ್ನು ನೀವೇ ಹೇಳಿಬಿಡಬೇಡಿ. ತಪ್ಪಿದ ತುಂಡಿನ ಕೆಳಗೆ ಬೆರಳಿಟ್ಟು ಅದನ್ನಷ್ಟೇ ಮತ್ತೆ ಓದಿಸಿ, ಆಮೇಲೆ ಮೊದಲಿನಿಂದ ಕೂಡಿಸಲಿ. ಮಗು ಆಕಳಿಸಿದರೆ ಆ ದಿನಕ್ಕೆ ಮುಗಿಯಿತು. ಆರು ವರ್ಷ ತುಂಬಿದ ಮಗು, ಒಂದೆರಡು ತಿಂಗಳು ಬಿಡದೆ ಆಡಿಸಿದರೂ ಮೂರು ತುಂಡಿನ ಪದವನ್ನು ಕಿವಿಯಿಂದ ಬಿಡಿಸಲಾರದೆ ಹೋದರೆ, ಮೊದಲು ಅದರ ಕಿವಿ ಪರೀಕ್ಷೆ ಮಾಡಿಸಿ. ನೆಗಡಿಯಿಂದ ಕಿವಿ ಕಟ್ಟಿಕೊಂಡಿದ್ದರೂ ಹೀಗಾಗಬಹುದು. ಕಿವಿ ಸರಿಯಿದ್ದರೆ ಶಾಲೆಯ ಶಿಕ್ಷಕರ ಜೊತೆ ಮಾತಾಡಿ, ಓದಿನ ತೊಂದರೆಗಳನ್ನು ಬಲ್ಲ ತಜ್ಞರಿಗೆ ತೋರಿಸಿ. ‘ಗಮನ ಇಲ್ಲ’ ಎಂದು ಬೈದು ವರ್ಷ ಕಳೆಯಬೇಡಿ.

ನೋಟ್‌ಬುಕ್ಕಿನಲ್ಲಿ ಬರೆಯುವಾಗ ಸಾಲಿನ ಕೊನೆಗೆ ಪದ ಹಿಡಿಸದಿದ್ದರೆ ಮುರಿಯುವುದು ಹೇಗೆ ಎಂದು ಮಗು ಕೇಳಿಯೇ ಕೇಳುತ್ತದೆ. ಅಲ್ಲಿ ಕಿವಿಯ ಗಡಿ ನಡೆಯುವುದಿಲ್ಲ, ಕಣ್ಣಿನ ಗಡಿಯೇ ಸರಿ: ‘ಪು’ ಈ ಸಾಲಿನಲ್ಲಿ, ‘ಸ್ತಕ’ ಮುಂದಿನದರಲ್ಲಿ. ಒತ್ತನ್ನು ಅದರ ಅಕ್ಷರದಿಂದ ಬೇರೆ ಮಾಡುವಂತಿಲ್ಲ. ಪತ್ರಿಕೆಯ ಪದಬಂಧದಲ್ಲೂ ಒಂದು ಚೌಕಕ್ಕೆ ಒಂದು ಅಕ್ಷರ, ಒತ್ತು ಸಮೇತ. ಮೂರು ಚೌಕ ಅಡ್ಡಕ್ಕೆ, ಮೂರು ಕೆಳಕ್ಕೆ ಬರೆದು, ಮೂಲೆಯ ಚೌಕ ಎರಡಕ್ಕೂ ಸೇರುವ ಹಾಗೆ ಮಾಡಿಕೊಡಿ. ಅಡ್ಡಕ್ಕೆ ‘ಪುಸ್ತಕ’, ಕೆಳಕ್ಕೆ ‘ಪುರಾಣ’. ಮುಂದಿನದನ್ನು ಮಗುವೇ ಕಟ್ಟಲಿ.